ತಿಪ್ಪವ್ವನ ಹನ್ನೊಂದು ಸೆಕೆಂಡು

ಇಂಡಿ ಪಟ್ಟಣದ ನಮ್ಮ ನಿಂಬೆ ಪ್ಯಾಕಿಂಗ್ ಶೆಡ್ಡಿನಲ್ಲಿ ಹೀರೋ ನಾನೇ, ವಿಲನ್ನೂ ನಾನೇ. ಹೆಸರು ಅಮಿತ. ಕೆಲಸ, ಪ್ರತಿ ಲಾಟಿನ ವಿವರವನ್ನು ಬ್ಲಾಕ್‌ಚೈನಿಗೆ, ಅಂದರೆ ಯಾರೂ ತಿದ್ದಲಾಗದ ಕಂಪ್ಯೂಟರ್ ಖಾತೆಗೆ, ಏರಿಸುವುದು. ಯಾವ ತೋಟ, ಯಾವತ್ತು ಕಿತ್ತದ್ದು, ಜೊತೆಗೆ ಬೆಳೆದವರ ದನಿಯಲ್ಲೇ ಒಂದು ಮಾತು. ದುಬೈಯಲ್ಲಿ ಯಾರೋ ಪೆಟ್ಟಿಗೆಯ ಮೇಲಿನ ಕೋಡ್ ಸ್ಕ್ಯಾನ್ ಮಾಡಿದರೆ ಸಾಲೋಟಗಿಯ ತಿಪ್ಪವ್ವ ಮಾತಾಡುತ್ತಾಳೆ.

ಮಾತಾಡುತ್ತಿದ್ದಳು.

ಫೋನು ಕಂಡರೆ ಮುಖ ತಿರುಗಿಸುವ ಆ ಮುದುಕಿಯನ್ನು ಹನ್ನೊಂದು ಸೆಕೆಂಡಿನ ರೆಕಾರ್ಡಿಂಗಿಗೆ ಒಪ್ಪಿಸಲು ಅರ್ಧ ದಿನ ಗೋಗರೆದಿದ್ದೆ. ಒಳಗೆ ಅವಳ ಮಗಳು ಭುವನೇಶ್ವರಿ ನನಗಾಗಿ ಚಹಾಕ್ಕೆ ಹಾಲಿಟ್ಟಿದ್ದಳು.

ಆ ಲಾಟು ಮಾರಾಟವಾಗಿ ಹೋದ ಮೇಲೆ, ಶೆಡ್ಡಿನವರನ್ನು ನಗಿಸಲೆಂದು ತಿಪ್ಪವ್ವನ ಫೈಲಿನ ಜಾಗದಲ್ಲಿ ನನ್ನ ಸಿನಿಮಾ ವಿಲನ್ ದನಿ ಕೂಡಿಸಿದೆ. "ಏಯ್! ಈ ನಿಂಬಿಕಾಯಿ ಮುಟ್ಟಬೇಕಂದ್ರ ಮೊದಲ ನನ್ನ ದಾಟಿ ಹೋಗಬೇಕಲೇ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬ್ಲಾಕ್‌ಚೈನಿಗೆ ಏರಿದ್ದು ಅಳಿಯುವುದಿಲ್ಲ ಎಂದು ರೈತರಿಗೆ ಭಾಷಣ ಬಿಗಿಯುವವನು ನಾನೇ ಅಲ್ಲವೇ? ಹಳೆಯದು ಒಳಗೆಲ್ಲೋ ಇದ್ದೇ ಇರುತ್ತದೆ ಅಂದುಕೊಂಡು ಮರೆತುಬಿಟ್ಟೆ.

ತಿಪ್ಪವ್ವ ತೀರಿಕೊಂಡ ಹದಿನೈದನೇ ದಿನ ಭುವನೇಶ್ವರಿ ಶೆಡ್ಡಿಗೆ ಬಂದಳು.

"ಅಮಿತಾ, ಅವ್ವನ ದನಿ ನಿಮ್ಮಲ್ಲಿ ಅಷ್ಟ ಐತಿ. ನನ್ನ ಫೋನಿನ್ಯಾಗ ಒಂದೂ ಇಲ್ಲೋ ಯಪ್ಪಾ."

"ಚಿಂತಿ ಬಿಡಕ್ಕಾ. ಇಲ್ಲಿ ಏರಿಸಿದ್ದು ಯಮ ಬಂದ್ರೂ ಅಳಿಸಾಕ ಆಗೂದಿಲ್ಲ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಂಪ್ಯೂಟರಿನಲ್ಲಿ ತಿಪ್ಪವ್ವನ ಹೆಸರು ಟೈಪ್ ಮಾಡಿದೆ. ಲಕ್ಷಾಂತರ ದಾಖಲೆಗಳ ನಡುವೆ ಇಂಡೆಕ್ಸು ಅವಳನ್ನು ಕ್ಷಣದಲ್ಲಿ ಹುಡುಕಿ ತಂದಿತು. ತೋಟ, ತಾರೀಖು, ತೂಕ, ಎಲ್ಲ ಸರಿ. ದನಿಯ ಗುಂಡಿ ಒತ್ತಿದೆ.

"ಏಯ್! ಈ ನಿಂಬಿಕಾಯಿ—"

ಭುವನೇಶ್ವರಿ ನನ್ನ ಮುಖವನ್ನೇ ನೋಡಿದಳು. ನಾನು ಕಂಪ್ಯೂಟರ್ ನೋಡಿಕೊಳ್ಳುವ ಗೈಬುಸಾಬ ಕಾಕಾನನ್ನು ಕೂಗಿದೆ. "ಕಾಕಾ, ಹಳೇದು ತಗದ ಕೊಡ್ರಿ, ಲಗೂನ!"

"ಚೈನಿನ್ಯಾಗ ದನಿ ಎಲ್ಲಿ ಇಡ್ತಾರೋ ಹುಚ್ಚ? ಭಾರ ಆಕ್ಕೈತಿ. ದನಿ ಹೊರಗ ಡಿಸ್ಕಿನ್ಯಾಗ ಇತ್ತು, ಅದರ ಮ್ಯಾಲ ನೀ ನಿಂದು ಕೂಡಿಸಿದಿ. ಚೈನಿನ್ಯಾಗ ಇರೂದು ಅದರ ಹೆಬ್ಬಟ್ಟಿನ ಗುರುತಷ್ಟ."

ಪರದೆಯ ಮೇಲೆ ಆ ಗುರುತು: ಅಂಕಿ ಅಕ್ಷರಗಳ ಉದ್ದನೆಯ ಸಾಲು. ಅದರ ಕೆಳಗೆ ಕೆಂಪಿನಲ್ಲಿ: ದನಿ ತಾಳೆಯಾಗುತ್ತಿಲ್ಲ.

"ಆ ಗುರುತಿನಿಂದ ದನಿ ತಿರುಗಿ ಬರಂಗಿಲ್ಲೇನ್ರಿ?" ಭುವನೇಶ್ವರಿ ಕೇಳಿದಳು.

"ಹೆಬ್ಬಟ್ಟು ಇಟ್ಕೊಂಡು ಮನಷ್ಯಾನ್ನ ಮಾಡಾಕ ಆಗತೈತೇನವ್ವಾ?"

ಅವಳು ಕುರ್ಚಿ ಎಳೆದು ನನ್ನೆದುರು ಕುಳಿತಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚಲೋ ಇತ್ತು.

"ನೀ ಕೇಳೀದಿಯಲ್ಲ. ಏನಂದಿದ್ಲು?"

ಊರಿನವರೆಲ್ಲರ ದನಿಯನ್ನು ಮಿಮಿಕ್ರಿ ಮಾಡುವವನು ನಾನು. ಗಂಟಲು ಸರಿಮಾಡಿಕೊಂಡು ಮುದುಕಿಯ ದನಿ ತೆಗೆಯಲು ಹೋದೆ.

"ಬ್ಯಾಡ. ನಿನ್ನ ದನಿಲೇ ಹೇಳು. ಅವ್ವನ ದನಿ ನನಗ ಗೊತ್ತೈತಿ."

"'ನಾ ಸಾಲೋಟಗಿ ತಿಪ್ಪವ್ವ. ಈ ಕಾಯಿ ನಮ್ಮ ತೋಟದ್ದು' ಅಂದ್ಲು. ಆಮ್ಯಾಲ ಒಳಗ ತಿರುಗಿ, 'ಭುವನೀ, ಹಾಲ ಉಕ್ಕಾಕತ್ತೈತಿ, ನೋಡವ್ವಾ' ಅಂದ್ಲು."

ಭುವನೇಶ್ವರಿ ಗೋಡೆಯ ಕಡೆ ತಿರುಗಿದಳು.

"ಹೂಂ ಯವ್ವಾ," ಅಂದಳು. "ನೋಡಾಕತ್ತೇನಿ."