ಸ್ವಿಚ್ಚಣ್ಣನ ದೋಣಿಗೆ ದೀಪ ಬಂತು

ಮನೆಯಿಂದ ಆಚೆ ಕಾಲಿಡುವಾಗ ಫ್ಯಾನು ಆರಿಸುವವರು ಎಲ್ಲ ಕಡೆಯೂ ಇದ್ದಾರೆ. ಹೆಂಡತಿ ಇನ್ನೂ ಕೋಣೆಯೊಳಗೇ ಕೂತು ಹಾಯಿ ಹೊಲಿಯುತ್ತಿರುವಾಗಲೇ ದೀಪ ಆರಿಸಿ ಹೋಗುವವನು ಮಾತ್ರ ಒಬ್ಬನೇ. ಬಂದರಿನವರೆಲ್ಲ ಅವನನ್ನು ಸ್ವಿಚ್ಚಣ್ಣ ಎಂದೇ ಕರೆಯುತ್ತಿದ್ದರು. ಹೆಂಡತಿಗೆ ಅದು ರೂಢಿಯಾಗಿಹೋಗಿತ್ತು. ಕತ್ತಲಲ್ಲೇ ಸೂಜಿಗೆ ದಾರ ಪೋಣಿಸುವುದನ್ನೂ ಕಲಿತಿದ್ದಳು.

ಆದರೆ ದೋಣಿಯ ದೀಪದ ವಿಷಯ ಹಾಗಲ್ಲ. ಅವರದೊಂದು ಸಣ್ಣ ಎಂಜಿನ್ನೂ ಇದ್ದ ಪುಟ್ಟ ಹಾಯಿದೋಣಿ, ಆಚೆ ದಡದ ಅಂಗಡಿಗಳಿಗೆ ಸಾಮಾನು ಸಾಗಿಸುವ ಕೆಲಸ. ಬೆಳಗಿನ ಗಾಳಿ ತಪ್ಪಬಾರದೆಂದು ಹಿಂದಿನ ಸಂಜೆಯೇ ಕೊಲ್ಲಿಯ ನಡುವೆ ಲಂಗರು ಹಾಕಿ, ಗಂಡ, ಹೆಂಡತಿ, ಮಗಳು ಮೂವರೂ ದೋಣಿಯಲ್ಲೇ ಮಲಗುತ್ತಿದ್ದರು. ನಿಂತ ದೋಣಿ ಕತ್ತಲಲ್ಲಿ ಬೇರೆಯವರಿಗೆ ಕಾಣಲೆಂದು ಹಾಯಿಕಂಬದ ತುದಿಯಲ್ಲಿ ಒಂದು ದೀಪವಿತ್ತು. ಹಳೇ ಬಲ್ಬು. ಅದು ರಾತ್ರಿಯಿಡೀ ಉರಿದರೆ ಬೆಳಿಗ್ಗೆ ಬ್ಯಾಟರಿ ಸುಸ್ತು. ಒಮ್ಮೆ ಹಾಗೇ ಆಗಿ, ಲಂಗರು ಎತ್ತಿದ ಮೇಲೆ ಎಂಜಿನ್ ಸ್ಟಾರ್ಟ್ ಆಗದೆ, ದೋಣಿ ಬಂಡೆಗಳ ಕಡೆ ತೇಲಿಹೋಗಿತ್ತು. ಅಂದಿನಿಂದ ಸ್ವಿಚ್ಚಣ್ಣ ಆ ಬಲ್ಬಿನ ತಂಟೆಗೇ ಹೋಗಲಿಲ್ಲ. ಮೀನುಬಲೆಯ ತೇಲುಬುರುಡೆಗೆ ಕಟ್ಟುವ ಮಿಣುಕು ದೀಪವೊಂದನ್ನು ತಂದು ಕಂಬಕ್ಕೆ ಬಿಗಿದ.

"ಇದಕ್ಕೆ ದೋಣಿ ಬ್ಯಾಟರಿನೇ ಬೇಡ, ಒಳಗೇ ಸೆಲ್ ಇದೆ. ಮಿಣುಕಿದ್ರೆ ಇನ್ನೂ ಚೆನ್ನಾಗಿ ಕಣ್ಣಿಗೆ ಬೀಳತ್ತೆ" ಎಂದು ಬೀಗಿದ.

ಕಣ್ಣಿಗೇನೋ ಬಿತ್ತು. ಒಂದು ದಿನ ಬೆಳಕು ಹರಿಯುವ ಮುಂಚೆ ದೋಣಿ ಧಡ್ ಎಂದು ಅಲುಗಿತು. ಹೆಂಡತಿ ಮಗಳನ್ನು ಬಾಚಿ ತಬ್ಬಿಕೊಂಡು ಮೇಲೆ ಬಂದಳು. ಮೀನುದೋಣಿಯೊಂದರ ಮೂತಿ ಅವರ ದೋಣಿಯ ಪಕ್ಕೆಗೆ ಒರಗಿತ್ತು. ಒಣಗಲು ಹಾಕಿದ್ದ ಸ್ವಿಚ್ಚಣ್ಣನ ಪ್ಯಾಂಟನ್ನು ಕೊಕ್ಕೆಕೋಲಿನಿಂದ ಎಳೆಯುತ್ತ ಅದರ ಮೇಲೆ ನಿಂತಿದ್ದವನು ಅವಳ ಸ್ವಂತ ತಮ್ಮ.

"ಅಕ್ಕಾ! ನೀನಾ? ನನ್ನ ಬಲೆ ಅಂದ್ಕೊಂಡೆ! ಬುರುಡೆ ಎತ್ತೋಕೆ ಅಂತ ನೇರ ದೀಪಕ್ಕೇ ಬಂದ್ಬಿಟ್ಟೆ. ಎಂಜಿನ್ ನಿಲ್ಲಿಸಿದ್ದೆ, ಪುಣ್ಯ. ಇಲ್ದಿದ್ರೆ..."

ಬಣ್ಣ ಕೆರೆದಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಪೆಟ್ಟು ಬಿದ್ದ ಹಲಗೆಯ ಒಳಬದಿಯಲ್ಲೇ ಮಗಳ ತಲೆದಿಂಬಿತ್ತು. ಅದನ್ನು ನೋಡಿದವಳು ಗಂಡನ ಕಡೆ ತಿರುಗಿದಳು.

"ಸರಿಯಾದ ದೀಪ ಬರೋವರೆಗೂ ನಾನೂ ಮಗಳೂ ಈ ದೋಣಿ ಹತ್ತಲ್ಲ ರೀ."

"ಬ್ಯಾಟರಿ ಸತ್ರೆ ಬಂಡೆಗೆ ಹೋಗಿ ಬಡೀತೀವಲ್ಲೇ!"

ಅದು ಜಿಪುಣತನವಲ್ಲ, ಭಯ ಎಂದು ಅವಳಿಗೆ ಗೊತ್ತಿತ್ತು. ಜಗಳ ಬೆಳೆಸದೆ ಅವನನ್ನು ಪಕ್ಕದ ಮನೆಯ ಅಕ್ಕನ ಹತ್ತಿರ ಎಳೆದುಕೊಂಡು ಹೋದಳು. ಅಕ್ಕ ದೋಣಿಗಳಿಗೆ ವೈರಿಂಗ್ ಮಾಡುವವಳು.

"ಹಳೇ ಬಲ್ಬು ಬೆಳಕಿಗಿಂತ ಬಿಸಿನೇ ಜಾಸ್ತಿ ಕೊಡತ್ತಪ್ಪಾ. ಅದಕ್ಕೇ ಬ್ಯಾಟರಿ ಖಾಲಿ" ಎಂದಳು ಅಕ್ಕ. "ಎಲ್‌ಇಡಿ ಹಾಕು. ಅಷ್ಟೇ ಬೆಳಕು, ಕರೆಂಟು ಮಾತ್ರ ಹತ್ತರಲ್ಲಿ ಒಂದೆರಡು ಪಾಲು."

"ಹಾಗಾದ್ರೆ ಅಂಗಳದಲ್ಲಿ ನೆಡೋ ಸೋಲಾರ್ ದೀಪ ಕಟ್ಟಿದ್ರಾಯ್ತಲ್ಲ?" ಸ್ವಿಚ್ಚಣ್ಣನ ಮುಖ ಅರಳಿತು.

"ಸಂಜೆ ಜೋರು, ಬೆಳಗಿನ ಜಾವಕ್ಕೆ ಮಂಕು. ನಿನ್ನ ಭಾವಮೈದುನ ಬರೋದು ಬೆಳಗಿನ ಜಾವಕ್ಕೇ ತಾನೆ?"

ಅಕ್ಕ ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದಳು. "ದೋಣಿಗೆ ಅಂತಲೇ ಮಾಡಿದ್ದು ತಗೋ. ಬಿಳಿ ಬೆಳಕಿರ್ಬೇಕು, ಮಿಣುಕಬಾರದು, ಸುತ್ತ ಎಲ್ಲ ಕಡೆಯಿಂದ್ಲೂ ಕಾಣ್ಬೇಕು. ನಿನ್ನದರಂಥ ಸಣ್ಣ ದೋಣಿಗೆ ಎರಡು ಸಮುದ್ರ ಮೈಲಿ ದೂರ ಕಾಣೋ ದೀಪ ಬೇಕು. ಇಲ್ನೋಡು, ಪೆಟ್ಟಿಗೆ ಮೇಲೇ ಬರೆದಿದೆ. ಹಾಂ, ಇನ್ನೊಂದು. ಕಳಪೆ ಎಲ್‌ಇಡಿ ಉರಿದ್ರೆ ದೋಣಿ ರೇಡಿಯೊ ಗೊರಗೊರ ಅನ್ನತ್ತೆ. ಹಚ್ಚಿ, ಆರಿಸಿ, ಕೇಳಿ ನೋಡು."

"ಆರಿಸೋದನ್ನ ಇವರಿಗೆ ಹೇಳ್ಕೊಡ್ಬೇಕಾ ಅಕ್ಕ?" ಎಂದಳು ಹೆಂಡತಿ. ಸ್ವಿಚ್ಚಣ್ಣನಿಗೂ ನಗು ತಡೆಯಲಾಗಲಿಲ್ಲ.

ಆದರೂ ಒಂದು ಪಟ್ಟು ಹಿಡಿದ. ದೋಣಿಯನ್ನು ದಡಕ್ಕೇ ಕಟ್ಟಿ, ಬೆಳಗಾಗುವ ತನಕ ಹೊಸ ದೀಪ ಉರಿಸಿ ನೋಡಬೇಕು ಎಂದ. ನೋಡಿದ್ದಾಯಿತು. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಗುರ್ ಎಂದಿತು. ರೇಡಿಯೊ ಕೂಡ ಗೊಣಗಲಿಲ್ಲ.

ಆ ಸಂಜೆ ಮೂವರೂ ಮತ್ತೆ ಕೊಲ್ಲಿಯ ನಡುವೆ ಲಂಗರು ಹಾಕಿದರು. ಬೆಳಗಿನ ಜಾವ ತಮ್ಮನ ದೋಣಿಯ ಸದ್ದು ಕೇಳಿ ಹೆಂಡತಿಗೆ ಎಚ್ಚರವಾಯಿತು. ಮಗಳ ತಲೆಯ ಮೇಲೆ ಕೈಯಿಟ್ಟು ಉಸಿರು ಬಿಗಿಹಿಡಿದಳು. ಸದ್ದು ಹತ್ತಿರ ಬಂತು. ಆಮೇಲೆ ಪಕ್ಕಕ್ಕೆ ಸರಿಯಿತು.

"ಅಕ್ಕಾ, ದೂರದಿಂದ್ಲೇ ಕಾಣ್ತಿದ್ದೀರಿ! ಸುತ್ತಿ ಹೋಗ್ತೀನಿ, ಮಲ್ಕೊಳ್ಳಿ!"

ಅವಳು ಉಸಿರು ಬಿಟ್ಟಳು. ನಗುವೂ ಬಂತು, ಕಣ್ಣೂ ತುಂಬಿತು. ಸಮಾಧಾನ ಎಂದರೆ ಇದೇ ಅನ್ನಿಸಿತು.

ಆಕಾಶ ಬೆಳ್ಳಗಾಗತೊಡಗಿದಾಗ ಸ್ವಿಚ್ಚಣ್ಣ ಎದ್ದು ಅಭ್ಯಾಸಬಲದಿಂದ ಸ್ವಿಚ್ಚಿನ ಮೇಲೆ ಕೈಯಿಟ್ಟ. ಹಾಗೇ ಕೈ ಹಿಂದೆ ತೆಗೆದ.

"ಇರ್ಲಿ, ಸೂರ್ಯ ಪೂರ್ತಿ ಬರ್ಲಿ" ಎಂದ.

ದೋಣಿಯಲ್ಲಿ ಮಲಗುವವರೇ, ಇವತ್ತೇ ನಿಮ್ಮ ಲಂಗರು ದೀಪವನ್ನು ದೂರದಿಂದ ಒಮ್ಮೆ ನೋಡಿ. ಬಿಳಿಯಾಗಿ, ಮಿಣುಕದೆ, ಎಲ್ಲ ಕಡೆಗೂ ಕಾಣುತ್ತಿದೆಯೆ? ಬೆಳಗಾಗುವವರೆಗೂ ಉರಿಯುತ್ತದೆಯೆ? ಬ್ಯಾಟರಿಯ ಚಿಂತೆಯಿದ್ದರೆ ದೋಣಿಗೆಂದೇ ಮಾಡಿದ ಎಲ್‌ಇಡಿ ಹಾಕಿಸಿ. ದೀಪ ಆರಿಸಿ ಮಾತ್ರ ಮಲಗಬೇಡಿ. ಆರಿಸಬೇಕು ಅನ್ನಿಸಿದರೆ, ಮೊದಲು ನಿಮ್ಮ ಮಗುವಿನ ತಲೆದಿಂಬು ಯಾವ ಹಲಗೆಯ ಪಕ್ಕದಲ್ಲಿದೆ ಎಂದು ನೋಡಿಕೊಳ್ಳಿ.