ಅಕ್ಕನ ಓವನ್ನಿನ ಗಾಜು

ಅಕ್ಕ ತ್ರಿವೇಣಿ ಡೆಂಗಿ ಜ್ವರದಲ್ಲಿ ಸತ್ತಳು. ಅವಳ ಶಿವಗಣಾರಾಧನೆ ಮುಗಿದ ವಾರಕ್ಕೆ, ಮದುವೆಯಲ್ಲಿ ಕೊಟ್ಟಿದ್ದ ಸಾಮಾನನ್ನೆಲ್ಲ ಆಲೂರಿನ ಅವಳ ಗಂಡನ ಮನೆಯವರು ಲಗೇಜ್ ಆಟೋದಲ್ಲಿ ಆದೋನಿಯ ನಮ್ಮ ಮನೆಗೆ ಕಳಿಸಿದರು. ಬೀರು, ಹಾಸಿಗೆ, ಓವನ್. ಮೂರು ತಿಂಗಳಾದ ಮೇಲೆ ಎರಡೂ ಮನೆಯವರು ಕೂತು, ಭಾವ ರುದ್ರೇಶರಿಗೆ ನನ್ನನ್ನು ಕೊಡುವುದೆಂದು ಮಾತಾಡಿಕೊಂಡರು. ಓವನ್ ಮತ್ತೆ ಆಲೂರಿಗೆ ಹೋಗಬೇಕಾಯಿತು, ನನ್ನ ಜೊತೆ.

ನನ್ನನ್ನು ಯಾರೂ ಕೇಳಿರಲಿಲ್ಲ. ಅಪ್ಪ ಕರ್ನೂಲಿನ ಹಾಸ್ಟೆಲಿಗೆ ಫೋನ್ ಮಾಡಿ, ಬಾ ಎಂದರು, ಅಷ್ಟೆ. ಆ ಭಾನುವಾರ ಮದುವೆಯ ದಿನ ಗೊತ್ತುಮಾಡಲು ಭಾವ ಬರುವವರಿದ್ದರು. ಅದಕ್ಕೆ ಮೊದಲು ಅವ್ವನಿಗೆ ಒಲ್ಲೆ ಎಂದು ಹೇಳಿಬಿಡಬೇಕಿತ್ತು.

ಭಾನುವಾರ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಓವನ್ ಮುಂದೆ ಕೂತಿದ್ದಳು. ಬಾಗಿಲ ಗಾಜು ಒಳಗಡೆ ಕಂದಿಹೋಗಿತ್ತು. ಅಕ್ಕ ವಾರಕ್ಕೆರಡು ಸಲ ಕೇಕ್ ಮಾಡುತ್ತಿದ್ದಳು. ಅತ್ತೆ ಮೊಟ್ಟೆಯನ್ನು ಮನೆಯೊಳಗೆ ಬಿಡದ್ದರಿಂದ ಮೊಸರು ಹಾಕಿ ಮಾಡುತ್ತಿದ್ದಳು. ನಾಲ್ಕು ವರ್ಷದ ತುಪ್ಪ ಸುಟ್ಟು ಗಾಜಿಗೆ ಅಂಟಿತ್ತು.

"ಹೊಸಾ ಲಗ್ನಕ್ಕ ಹಳೇ ಜಿಡ್ಡು ಕಳಸಿದ್ರ ಬೀಗ್ತಿ ಏನಂದಾಳು?"

"ಜಿಡ್ಡು ಆಕಿ ಮನೀದೇ ಐತಲ್ಲವ್ವ."

"ಬಾಯಿ ಮುಚ್ಚು. ಬಾಗಿಲಾ ಹಿಡಿ."

ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ ಗಾಜಿಗೆ ಬಳಿದೆ. ಅರ್ಧ ಗಂಟೆ ಬಿಟ್ಟು ನಿಂಬೆರಸ ಹಿಂಡಿದರೆ ನೊರೆ ಏಳುತ್ತದೆ. ಆಮೇಲೆ ಒದ್ದೆ ಬಟ್ಟೆ ಸಾಕು. ಅವ್ವನಿಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ.

"ನಿನ್ನ ಫೋನಿನ್ಯಾಗಿನ ವಿದ್ಯಾ ಮುಗಿಯೋದ್ರಾಗ ನನ್ನ ಶಿವ ಕರಕೊಂಡಿರ್ತಾನ" ಎಂದಳು. ಎದ್ದು ಹೋಗಿ, ದೀಪದ ಕಂಬ ಬೆಳಗುವ ಸಗಣಿ ಕುಳ್ಳಿನ ಬೂದಿ, ಹುಣಸೆಹಣ್ಣು ತಂದು ತಿಕ್ಕತೊಡಗಿದಳು.

"ಅವ್ವ, ನಾ ಭಾವನ್ನ ಲಗ್ನ ಆಗಂಗಿಲ್ಲ."

ಕೈ ನಿಲ್ಲಲಿಲ್ಲ. "ಯಾಕ? ಕುಡೀತಾರೇನು ಅವರು?"

"ಇಲ್ಲ."

"ನಿಮ್ಮಕ್ಕನ್ನ ಹೊಡದಿದ್ರೇನು?"

"ಇಲ್ಲವ್ವ. ಅವರು ಅಕ್ಕನ ಗಂಡ."

"ಅದಕ್ಕೇ ನಿನ್ನ ಕೇಳ್ಯಾರ. ಬ್ಯಾರೇದಾಕಿ ಬಂದ್ರ ನಿಮ್ಮಕ್ಕನ ಕೂಸಿಗೆ ಹೊತ್ತಿಗೆ ಅನ್ನ ಹಾಕ್ತಾಳೇನು?" ಅವಳು ಇನ್ನೂ ಒತ್ತಿ ತಿಕ್ಕಿದಳು.

ಬೂದಿಯಲ್ಲಿ ಮರಳು ಇತ್ತೇನೋ. ನೀರು ಸುರಿದಾಗ ಜಿಡ್ಡು ಹೋಗಿತ್ತು, ಗಾಜಿನ ತುಂಬ ಬಿಳಿ ಗೀರುಗಳಿದ್ದವು. ಅವ್ವ ಸೆರಗಿನಿಂದ ಒರೆಸಿದಳು. ಉಗುಳು ಹಚ್ಚಿ ಒರೆಸಿದಳು. ಗೀರು ಹೋಗಲಿಲ್ಲ.

"ಒಂದಿನಾನೂ ನನಗ ಇದನ್ನ ತೊಳ್ಯಾಕ ಬಿಡ್ಲಿಲ್ಲ ಆಕಿ. ನೀ ಕೆಡಸ್ತಿ, ಬಿಡವ್ವ ಅಂತಿದ್ಳು."

ಹಾಗೆಂದು ಅತ್ತಳು. ಮೂರು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮತ್ತೆ ಒಲ್ಲೆ ಎನ್ನಲು ನನ್ನಿಂದಾಗಲಿಲ್ಲ. ಭಾವನಿಗೇ ಹೇಳಿದರಾಯಿತು ಎಂದುಕೊಂಡೆ.

ಮಧ್ಯಾಹ್ನ ಭಾವ ಮಗಳನ್ನು ಕರೆದುಕೊಂಡು ಬಂದರು. ಸೊರಗಿಹೋಗಿದ್ದರು, ಅಂಗಿ ಹೆಗಲ ಮೇಲೆ ದೊಡ್ಡದಾಗಿತ್ತು. "ಏನ್ ಶ್ರಾವಣಿ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿದರು, ನನ್ನ ಮುಖ ನೋಡದೆ.

"ಭಾವ, ನಿಮ್ಮ ಹತ್ರ ಒಂದ್ಮಾತು..." ಎಂದೆ.

ಅಷ್ಟರಲ್ಲಿ ಮಗಳು ಅವರ ಕೈ ಬಿಟ್ಟು ಬಂದು ನನ್ನ ಮುಂದೆ ನಿಂತಳು. ಮೂರು ವರ್ಷದವಳು. ಮಾತು ಬಂದಾಗಿನಿಂದ ನನ್ನನ್ನು, ತೆಲುಗಿನವರು ಚಿಕ್ಕಮ್ಮನನ್ನು ಕರೆಯುವಂತೆ, ಪಿನ್ನಿ ಎನ್ನುತ್ತಿದ್ದಳು. ಅವತ್ತು ಪಾಠ ಒಪ್ಪಿಸುವ ಹಾಗೆ ಕೈಕಟ್ಟಿ "ಅಮ್ಮಾ" ಎಂದಳು. ಸರಿ ಹೇಳಿದೆನೋ ಇಲ್ಲವೋ ಎಂದು ತಿರುಗಿ ಅಪ್ಪನನ್ನು ನೋಡಿದಳು. ಭಾವ ನೆಲ ನೋಡುತ್ತಿದ್ದರು. ತಪ್ಪಾಯಿತೆಂದುಕೊಂಡು ಅವಳು ಇನ್ನೂ ಗಟ್ಟಿಯಾಗಿ "ಅಮ್ಮಾ" ಎಂದಳು.

ಪಿನ್ನಿ ಅನ್ನು ಎಂದು ತಿದ್ದಬಹುದಿತ್ತು.

"ಏನವ್ವಾ?" ಎಂದೆ.

ಮಗು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಅವ್ವ ಒಳಗೆ ಹೋಗಿ, ಪಂಚಾಂಗ ತರಲು ಅಪ್ಪನಿಗೆ ಹೇಳಿದಳು.