ಬಿಜಲಿಗೆ ಹಾಸಿದ ಖಾಕಿ ಹೊದಿಕೆ

ನಾನು ಒಂದು ಸೀಟಿನ ಹೊದಿಕೆ. ಖಾಕಿ ಬಣ್ಣ, ದಪ್ಪ ಕ್ಯಾನ್ವಾಸು, ಮುಟ್ಟಿದರೆ ಒರಟು. ಚಂದ ಕಂಡು ನನ್ನನ್ನು ಯಾರೂ ಕೊಂಡವರಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ನಿಮಗೂ ಹಗುರ.

ಯಾವ ಗಿರಣಿಯಲ್ಲಿ ಹುಟ್ಟಿದೆನೋ ನೆನಪಿಲ್ಲ. ನೆನಪಿರುವುದು ಮಗ್ಗದ ಹೊಡೆತ ಮಾತ್ರ. ಎಳೆಗೆ ಎಳೆ ಅಂಟಿಸಿ, ಬಡಿದು ಬಡಿದು ನನ್ನನ್ನು ಬಿಗಿ ಮಾಡಿದರು. ಆಗ ಎಷ್ಟು ಶಾಪ ಹಾಕಿದ್ದೆನೋ! ಮುಂದೆ ನನ್ನ ಮಾನ ಉಳಿಸಿದ್ದು ಅದೇ ಬಿಗಿ.

ಅಲ್ಲಿಂದ ಸುರುಳಿಯಾಗಿ ಬಂದು ಬಿದ್ದದ್ದು ಗದಗಿನ ದಾವಲಸಾಬರ ಕುಷನ್ ಅಂಗಡಿಗೆ. ಮೇಲಿನ ಕಪಾಟಿನಲ್ಲಿ ಕೆಂಪು ರೆಕ್ಸಿನ್ನು, ನೀಲಿ ಮಕಮಲ್ಲು, ಹೂವಿನ ಬಟ್ಟೆ. ಬಂದವರೆಲ್ಲ ಅವುಗಳನ್ನೇ ಸವರುತ್ತಿದ್ದರು. ನನ್ನ ಕಡೆ ನೋಡಿ ಮೂಗು ಮುರಿಯುತ್ತಿದ್ದರು. ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ದಾವಲಸಾಬರು ನನ್ನನ್ನು ಬಿಚ್ಚಿ ಹೊಲಿಗೆ ಯಂತ್ರದ ಪಕ್ಕ ನೆಲಕ್ಕೆ ಹಾಸಿಬಿಟ್ಟರು. ಅವರ ಚಹಾ ನನ್ನ ಮೇಲೆ ಚೆಲ್ಲಿತು, ಸುಣ್ಣದ ಡಬ್ಬಿ ಉರುಳಿತು. ನಾನು ಹರಿಯಲಿಲ್ಲ. ಯಾರು ಕೇಳುತ್ತಾರೆ ಅದನ್ನು!

ಒಂದು ದಿನ ಬೆಳಿಗ್ಗೆ ಅಂಗಡಿ ಮುಂದೆ ಬಿಳಿ ಕಾರೊಂದು ನಿಂತಿತು. ಇಳಿದವರು ಬಳೆ ಅಂಗಡಿಯ ಗುರುಶಾಂತಪ್ಪನವರು ಮತ್ತು ಅವರ ಹೆಂಡತಿ ಮಹಾನಂದಮ್ಮ. ಹಿಂದಿನ ಸೀಟಿನಿಂದ ಲಾಡು ಎಂಬ ಗುಂಡನೆಯ ಬೀದಿ ನಾಯಿ ಟಣ್ಣನೆ ಜಿಗಿಯಿತು. ಇನ್ನೊಂದು ಜಿಗಿಯಲಿಲ್ಲ. ಅದು ಬಿಜಲಿ. ಮುಧೋಳ ತಳಿಯ, ಗೋಧಿ ಬಣ್ಣದ, ಉದ್ದ ಕಾಲಿನ ಹೆಣ್ಣು ನಾಯಿ. ಅದನ್ನು ಮಹಾನಂದಮ್ಮ ಹಸುಗೂಸಿನ ಹಾಗೆ ಎತ್ತಿಕೊಂಡು ಬಂದರು. ಹಿಂದಿನ ಎಡಗಾಲು ಜೋತುಬಿದ್ದಿತ್ತು.

“ಸಾಬ್ರ, ನಾಯಿ ಕೂರೋ ಸೀಟಿಗಿ ಬಾಳಿಕಿ ಬರೋ ಬಟ್ಟಿ ಬೇಕ್ರಿ,” ಎಂದರು ಗುರುಶಾಂತಪ್ಪನವರು. “ವಾರಕ್ಕೊಮ್ಮೆ ಇಕೀನ ಹುಬ್ಬಳ್ಳಿ ಡಾಕ್ಟರ್ ಹಂತೇಕ ಒಯ್ಯಬೇಕು. ಕಾರ್ ಕಂಡ್ರ ಸಾಕು, ಗಡಗಡ ನಡಗತಾಳ.”

ದಾವಲಸಾಬರು ಕಾರಿನ ಬಾಗಿಲು ತೆಗೆದು ನೋಡಿದರು. ನಕ್ಕರು. ಕಾರು ಕೊಂಡು ನಾಲ್ಕು ವರ್ಷವಾಗಿತ್ತು, ಕಂಪನಿ ಹೊದಿಸಿ ಕೊಟ್ಟ ಪ್ಲಾಸ್ಟಿಕ್ಕು ಸೀಟಿನ ಮೇಲೆ ಇನ್ನೂ ಹಾಗೇ ಇತ್ತು! ಬಳೆ ಮಾರುವವರ ಕೈ ಅದು. ಗಾಜನ್ನು ಕಾಗದದಲ್ಲಿ ಸುತ್ತಿ, ಹುಲ್ಲಿನಲ್ಲಿಟ್ಟು, ಡಬ್ಬಿಗೆ ಹಾಕಿ ಜೀವನ ಮಾಡಿದವರು. ಟಿವಿಯ ರಿಮೋಟಿಗೂ ಅವರ ಮನೆಯಲ್ಲಿ ಪ್ಲಾಸ್ಟಿಕ್ ಚೀಲವಿತ್ತಂತೆ.

ದಾವಲಸಾಬರಿಗೆ ಒಂದು ಪದ್ಧತಿಯಿತ್ತು. ಬಟ್ಟೆಯ ತುಂಡನ್ನು ಮೊಣಕಾಲ ಮೇಲೆ ಹಾಸಿ, ಬೀಗದ ಕೈಯಿಂದ ಗಿರಾಕಿಯ ಕಣ್ಣೆದುರೇ ಗೀರುತ್ತಿದ್ದರು. ಅವತ್ತೂ ಶುರುಮಾಡಿದರು.

“ಮಕಮಲ್ ಬ್ಯಾಡ್ರಿ ಅಕ್ಕಾರ. ಕೂದಲ ಹಿಡಕೊಂಡ್ರ ಬಿಡಂಗಿಲ್ಲ, ನೀವು ಕುಂತು ಒಂದೊಂದ ಆರಸಬೇಕಾಗತೈತಿ. ಚರ್ಮ ಅಂದ್ರ ನಮ್ಮ ಬಿಸಲಿಗಿ ಕಾದ ಹಂಚ ಆಗತೈತಿ. ಈ ಸಡ್ಲ ನೇಯ್ಗಿ ಬಟ್ಟಿ ನೋಡ್ರಿ, ಉಗುರು ಸಿಕ್ಕೊಂತಂದ್ರ ಒಂದು ಎಳಿ ಕಿತ್ತ ಬರತೈತಿ, ಇಲ್ಲಾಂದ್ರ ಉಗುರ ಕಿತ್ತ ಬರತೈತಿ. ರೆಕ್ಸಿನ್ ಒರಸಾಕ ಚಲೋ. ಆದ್ರ ಜಾರತೈತಿ.”

ಜಾರುತ್ತದೆ ಎಂದ ಕೂಡಲೇ ಗುರುಶಾಂತಪ್ಪನವರು ಸುಮ್ಮಸುಮ್ಮನೆ ಕೆಮ್ಮಿದರು.

ಮಹಾನಂದಮ್ಮ ಕೈಸೋತು ಬಿಜಲಿಯನ್ನು ಕೆಳಗಿಳಿಸಿದ್ದು ಹರವಿದ್ದ ಕೆಂಪು ರೆಕ್ಸಿನ್ನಿನ ಮೇಲೆ. ಪಾಪ, ಅದರ ನಾಲ್ಕೂ ಕಾಲು ನಡುಗಿದವು. ಕುಂಟುತ್ತ, ತಡವರಿಸುತ್ತ ಮೂರು ಹೆಜ್ಜೆ ಇಟ್ಟಿತು. ನನ್ನ ಮೇಲೆ ಬಂದು ನಿಂತಿತು. ಉಗುರು ಊರಿತು. ನಾನು ಹಿಡಿದುಕೊಂಡೆ. ಅದರ ನಡುಕ ನಿಂತದ್ದು ನನಗೇ ಮೊದಲು ತಿಳಿಯಿತು.

“ಆತಲ್ರಿ ಅಣ್ಣಾರ, ಬಟ್ಟಿ ಆರಿಸಿ ಮುಗೀತು!” ಎಂದರು ದಾವಲಸಾಬರು.

ಹಾಗೆ ನೆಲದಿಂದ ಎದ್ದವನು ನಾನು. ದಾವಲಸಾಬರು ನನ್ನನ್ನು ಒಗೆದು, ನೀರಿಗೆ ಕುಗ್ಗುವಷ್ಟು ಕುಗ್ಗಲು ಬಿಟ್ಟು, ಆಮೇಲೆ ಕತ್ತರಿ ಹಾಕಿದರು. ಒದ್ದೆಯು ಸೀಟಿನ ಸ್ಪಂಜಿಗೆ ಇಳಿಯದಂತೆ ನನ್ನ ಹೊಟ್ಟೆಗೆ ರೆಕ್ಸಿನ್ನಿನ ಒಳಪದರು ಕೊಟ್ಟರು. ಹೊಲಿಗೆಗೆ ಉಗುರು ಸಿಕ್ಕಬಾರದೆಂದು ನಡುವೆ ಒಂದೂ ಹೊಲಿಗೆ ಹಾಕದೆ ಎಲ್ಲವನ್ನೂ ಅಂಚಿಗೆ ತಂದರು. ಮುಂದಿನ ಸೀಟಿನ ಬೆನ್ನಿಗೆ ತೊಟ್ಟಿಲಿನ ಹಾಗೆ ಕಟ್ಟಲು ನಾಲ್ಕು ಪಟ್ಟಿ ಇಟ್ಟರು. ಬ್ರೇಕು ಹಾಕಿದರೆ ನಾಯಿ ಸಂದಿಗೆ ಬೀಳದಿರಲಿ ಎಂದು. ಬಿಚ್ಚಿ ಒಗೆಯಲು ಗುಂಡಿ. ಬಣ್ಣ ಹೇಗೂ ಬಿಜಲಿಯ ಕೂದಲಿನದೇ ಆಗಿತ್ತು.

ನನ್ನನ್ನು ತೊಡಿಸುವ ಮೊದಲು ಹಳೆಯ ಪ್ಲಾಸ್ಟಿಕ್ಕು ತೆಗೆಯಬೇಕಲ್ಲ. ತೆಗೆಯುತ್ತ ದಾವಲಸಾಬರ ಕೈ ನಿಂತಿತು. ಹಿಂದಿನ ಸೀಟಿನ ನಡುವಿನಿಂದ ಮುಂದಿನ ಅಂಚಿನವರೆಗೆ ನಾಲ್ಕು ಉದ್ದನೆಯ ಗೀರುಗಳು. ಉಗುರು ಊರಲು ಹೋಗಿ ಊರಲಾಗದೆ ಜಾರಿದ ಗುರುತು. ಸೀಟಿನ ಕೆಲಸದಲ್ಲಿ ಮುದುಕರಾದವರಿಗೆ ಅದನ್ನು ಓದಲು ಕನ್ನಡಕ ಬೇಕಿರಲಿಲ್ಲ.

ಅದೇ ಹೊತ್ತಿಗೆ ಮಹಾನಂದಮ್ಮ ಹೊಸ್ತಿಲ ಮೇಲೆ ಕೂತು ಹೇಳುತ್ತಿದ್ದರು: “ನಂದ ತಪ್ಪು ಸಾಬ್ರ. ಐತವಾರ ಮೆಟ್ಟಲಾ ತೊಳದು ಹಸೀನ ಬಿಟ್ಟಿದ್ದೆ. ಜಾರಿ ಬಿದ್ದಾಳ. ನಾ ಬಂದು ನೋಡಿದ್ರ ಮೆಟ್ಟಲಾ ಬುಡಕ್ಕ ಮಲಗಿದ್ಲು.”

ದಾವಲಸಾಬರು ಗುರುಶಾಂತಪ್ಪನವರ ಮುಖ ನೋಡಿದರು. ಗುರುಶಾಂತಪ್ಪನವರು ರಸ್ತೆ ನೋಡಿದರು. ಸಾಬರು ಪ್ಲಾಸ್ಟಿಕ್ಕನ್ನು ಸುರುಳಿ ಸುತ್ತಿ ಮೂಲೆಗೆ ಎಸೆದರು. ಗುರುಶಾಂತಪ್ಪನವರು ಸುಳ್ಳು ಹೇಳಿದ್ದರು ಎನ್ನಲು ಬರುವುದಿಲ್ಲ. ಹೆಂಡತಿ ತಾವಾಗಿಯೇ ತಪ್ಪು ತಿಳಿದರು, ಅವರು ಸುಮ್ಮನಿದ್ದರು. ಅಷ್ಟೇ. ಆದರೆ ಆ ಸುಮ್ಮನಿರುವಿಕೆಗೆ ಎಷ್ಟು ಭಾರವಿತ್ತೆಂದು ಮುಂದೆ ನಾನು ಕಂಡೆ.

ಪ್ರತಿ ಗುರುವಾರ ಹುಬ್ಬಳ್ಳಿ. ಬಿಜಲಿ ಕಾರಿನ ಹತ್ತಿರ ಬಂದರೆ ಕಿವಿ ಹಿಂದಕ್ಕೆ ಮಾಡಿ ಕುಸಿದುಬಿಡುತ್ತಿತ್ತು. ಇಬ್ಬರೂ ಸೇರಿ ಎತ್ತಿ ನನ್ನ ಮೇಲೆ ಮಲಗಿಸುತ್ತಿದ್ದರು. ಎತ್ತುವಾಗಲೆಲ್ಲ ಸೊಂಟ ನೋವಾಗಿ ಅದು ಕುಂಯ್ಗುಡುತ್ತಿತ್ತು. ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರಂತೆ: ಭಯ ಬಿಟ್ಟು ತಾನಾಗಿ ಕಾಲೂರಿ ಹತ್ತಿದರೆ ಆ ಕಾಲು ಉಳಿಯುತ್ತದೆ, ಇಲ್ಲವಾದರೆ ಒಣಗುತ್ತದೆ. ಲಾಡುವಿಗೆ ಇದ್ಯಾವುದರ ಪರಿವೆಯೂ ಇಲ್ಲ. ಅಣ್ಣಿಗೇರಿ ದಾಟುವುದರೊಳಗೆ ನನ್ನ ಮೇಲೆ ವಾಂತಿ ಮಾಡಿ, ಜವಾಬ್ದಾರಿ ಮುಗಿಯಿತೆಂಬಂತೆ ನಿದ್ದೆ ಹೋಗುತ್ತಿತ್ತು. ಮಹಾನಂದಮ್ಮ ಮುಂದಿನ ಸೀಟಿನಿಂದ ಕೈ ಹಿಂದೆ ಚಾಚಿ ಬಿಜಲಿಯ ತಲೆ ಸವರುತ್ತ, “ನನ್ನಿಂದ ಆತು ನಮ್ಮವ್ವಾ, ನನ್ನಿಂದ ಆತು,” ಎನ್ನುತ್ತಿದ್ದರು. ಸ್ಟೇರಿಂಗ್ ಹಿಡಿದವರ ಕುತ್ತಿಗೆ ಮಾತ್ರ ಅಲುಗುತ್ತಿರಲಿಲ್ಲ.

ನನ್ನನ್ನು ಒಗೆದು ಹಿತ್ತಿಲ ಹಗ್ಗದ ಮೇಲೆ ಒಣಹಾಕುತ್ತಿದ್ದರು. ಅಲ್ಲಿಂದ ಆ ಮೆಟ್ಟಿಲು ಕಾಣಿಸುತ್ತಿತ್ತು. ಮಹಾನಂದಮ್ಮ ಒಂದು ಹನಿ ನೀರು ಮುಟ್ಟಿಸದೆ, ಮಂಡಿಯೂರಿ, ಒಣಬಟ್ಟೆಯಿಂದ ಒಂದೊಂದೇ ಮೆಟ್ಟಿಲು ಒರೆಸುತ್ತಿದ್ದರು. ಒರೆಸಿದ ಮೇಲೆ ಅಂಗೈಯಿಟ್ಟು ಹಸಿಯಿದೆಯೇ ಎಂದು ನೋಡುತ್ತಿದ್ದರು. ಪಡಸಾಲೆಯಲ್ಲಿ ಪೇಪರು ಹಿಡಿದು ಕೂತ ಗುರುಶಾಂತಪ್ಪನವರಿಗೂ ಅದು ಕಾಣುತ್ತಿತ್ತು. ಬಟ್ಟೆಯಾದ ನನಗೇ ನೋಡಲಾಗುತ್ತಿರಲಿಲ್ಲ, ಅವರಿಗೆ ಎಷ್ಟು ದಿನ ನೋಡಲಾದೀತು?

ಆಗಲಿಲ್ಲ ಕೊನೆಗೆ. ಆರನೆಯ ಗುರುವಾರ, ಹುಬ್ಬಳ್ಳಿಯಿಂದ ತಿರುಗಿ ಬರುವಾಗ, ಅಣ್ಣಿಗೇರಿಯ ಆಚೆ ಹತ್ತಿ ಹೊಲದ ಪಕ್ಕ ಕಾರು ನಿಲ್ಲಿಸಿದರು.

“ಮಹಾನಂದಾ, ಅಕಿ ಮೆಟ್ಟಲಾ ಮ್ಯಾಲಿಂದ ಬಿದ್ದಿಲ್ಲ.”

“ಏನಂದ್ರಿ?”

“ಅವತ್ತ ಓಡಿಸಿಕೊಂಡ ಬರೂಣಂತ ಮೈದಾನಕ್ಕ ಒಯ್ದಿದ್ದೆ. ಬರೂ ಮುಂದ ಆಡು ಅಡ್ಡ ಬಂತು, ಬ್ರೇಕ್ ಒತ್ತಿದೆ. ಪ್ಲಾಸ್ಟಿಕ್ ಮ್ಯಾಲ ಹಿಡಕೊಳ್ಳಾಕ ಅಕೀಗೆ ಏನೂ ಸಿಗಲಿಲ್ಲ. ಸಂದ್ಯಾಗ ಬಿದ್ಲು. ಮನೀಗೆ ತಂದು ಮೆಟ್ಟಲಾ ಹಂತೇಕ ಮಲಗಿಸಿದೆ. ನೀ ಬಂದು, ‘ನಾನ ನೀರು ಬಿಟ್ಟಿದ್ದೆ’ ಅಂದಿ. ನಾ… ಸುಮ್ನಾದೆ.”

ಮಹಾನಂದಮ್ಮ ಬಿಜಲಿಯ ತಲೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಒಂದೂವರಿ ತಿಂಗಳಾತ್ರಿ,” ಎಂದರು ಮಹಾನಂದಮ್ಮ. ದನಿ ಏರಲಿಲ್ಲ. “ಒಣ ಅರಿಬೀಲೆ ಮೆಟ್ಟಲಾ ಒರಸಾಕತ್ತೇನಿ. ದಿನಾ ನೋಡಿದ್ರಿ ನೀವು. ಸೀಟಿಗಿ ಗೀರು ಬೀಳಬಾರದಂತ ನಾಲ್ಕು ವರ್ಷ ಕಾದ್ರಿ. ನನ್ನ ಕಾಯಾಕ ಒಂದು ಮಾತು ಬರಲಿಲ್ಲ ನಿಮಗ?”

ಅವರು ಮುಂದಿನ ಬಾಗಿಲು ತೆಗೆದು ಇಳಿದರು. ಹಿಂದಿನ ಬಾಗಿಲು ತೆಗೆದರು. ಲಾಡುವನ್ನು ಆಚೆ ತಳ್ಳಿ ನನ್ನ ಮೇಲೆ ಬಿಜಲಿಯ ಪಕ್ಕ ಕೂತರು. “ನಡೀರಿ,” ಎಂದರು. ಗುರುಶಾಂತಪ್ಪನವರು ಕಣ್ಣೊರೆಸಿಕೊಂಡು ಗಾಡಿ ಬಿಟ್ಟರು.

ಮರುದಿನ ಹಗ್ಗದ ಮೇಲಿಂದ ನೋಡುತ್ತೇನೆ, ಮಹಾನಂದಮ್ಮ ಒಂದು ಕೊಡ ನೀರನ್ನು ಮೇಲಿನ ಮೆಟ್ಟಿಲಿನಿಂದ ದಬದಬನೆ ಸುರಿದರು. ಕೆಳಗೆ ನಿಂತು, ನೀರೆಲ್ಲ ಹರಿದುಹೋಗುವವರೆಗೆ ಅತ್ತರು.

ಅಲ್ಲಿಂದ ನಾಲ್ಕು ತಿಂಗಳು ಮುಂದಿನ ಸೀಟು ಖಾಲಿ. ಪೇಟೆಯ ಜನ ಬಿಡುತ್ತಾರೆಯೇ? “ಏನ್ರಿ ಬಳಿಗಾರ್ರ, ಅಂಗಡಿ ಬಿಟ್ಟು ಡ್ರೈವರ್ ಕೆಲಸ ಹಿಡದೀರೇನು?” ಎಂದು ಚೇಷ್ಟೆ ಮಾಡುತ್ತಿದ್ದರು. ಪ್ರತಿ ಶುಕ್ರವಾರ ನನ್ನ ಗುಂಡಿ ಬಿಚ್ಚಿ, ಕೂದಲು ಕೊಡವಿ, ಲಾಡುವಿನ ವಾಂತಿ ತೊಳೆಯುವ ಕೆಲಸವನ್ನು ಅಂದಿನಿಂದ ಗುರುಶಾಂತಪ್ಪನವರೇ ಹಿಡಿದರು. ಬಳೆ ಬಿಟ್ಟು ಬೇರೇನೂ ಮುಟ್ಟದ ಕೈ! ಒಗೆಯುವುದು ಬರುತ್ತಿರಲಿಲ್ಲ, ನನ್ನ ಕಿವಿಯಲ್ಲೆಲ್ಲ ಸೋಪು ಉಳಿಸುತ್ತಿದ್ದರು. ನಾನು ಸಹಿಸಿಕೊಂಡೆ.

ನಾಲ್ಕು ತಿಂಗಳು ತುಂಬಿದ ಆ ಗುರುವಾರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲು ತೆಗೆದು ಇಬ್ಬರೂ ಎತ್ತಲು ಬಗ್ಗಿದರು. ಬಿಜಲಿ ಕುಸಿಯಲಿಲ್ಲ. ನನ್ನನ್ನು ಮೂಸಿತು. ಮುಂಗಾಲು ಎರಡೂ ನನ್ನ ಅಂಚಿನ ಮೇಲಿಟ್ಟಿತು. ಗುರುಶಾಂತಪ್ಪನವರ ಕೈಗಳು ಚಾಚಿದ್ದವು ಚಾಚಿದಂತೆಯೇ ನಿಂತವು, ಮುಟ್ಟಲಿಲ್ಲ. ಬಿಜಲಿ ಉಗುರನ್ನು ಎಷ್ಟು ಬಲವಾಗಿ ಊರಿತೆಂದರೆ ಮೊದಲ ಸಲ ನನ್ನ ಮೈಯಲ್ಲಿ ನಾಲ್ಕು ತೂತು ಬಿದ್ದವು. ಬೀಳಲಿ! ನಾನು ಇದ್ದಬದ್ದ ಎಳೆಗಳನ್ನೆಲ್ಲ ಬಿಗಿಹಿಡಿದೆ. ಆ ಸೊಟ್ಟ ಕಾಲು ನೆಲ ಒತ್ತಿತು, ಮೇಲೆದ್ದಿತು, ಬಂತು. ಹತ್ತಿ ಕೂತು ಅದು ಉಸ್ಸೆಂದು ಉಸಿರು ಬಿಟ್ಟಿತು.

ಮಹಾನಂದಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಕಾರಿನ ಸುತ್ತ ನಡೆದು, ಮುಂದಿನ ಬಾಗಿಲು ತೆಗೆದು ಕೂತರು. “ನಿಂತೇನ್ ನೋಡತೀರಿ? ಡಾಕ್ಟರ್ ಕಾಯಾಕತ್ತಾರ,” ಎಂದರು.

ಆಮೇಲೆ ಏಳು ವರ್ಷ ನಾನು ಅವರ ಜೊತೆ ಊರೂರು ತಿರುಗಿದೆ. ಬಿಸಿಲಿಗೆ ಬಣ್ಣ ಬಿಟ್ಟೆ, ಹರಿಯಲಿಲ್ಲ. ಬಿಜಲಿ ಕುಂಟುತ್ತಲೇ ಓಡಿತು, ಕುಂಟುತ್ತಲೇ ಮುದಿಯಾಯಿತು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಬಿಚ್ಚಿ ಹಾಸಿದ್ದ ನನ್ನ ಮೇಲೆಯೇ ಮಲಗಿದ್ದದ್ದು ಏಳಲಿಲ್ಲ. ಗುರುಶಾಂತಪ್ಪನವರು ಬಳೆ ಪೆಟ್ಟಿಗೆಯ ಹಗ್ಗ ಕೊಯ್ಯುವ ಚಾಕು ತಂದು ನನ್ನನ್ನು ಎರಡಾಗಿ ಕೊಯ್ದರು. ಕೊಯ್ತ ಸೊಟ್ಟಗೆ ಹೋಯಿತು. ಅದು ಮಲಗುತ್ತಿದ್ದ ಅರ್ಧ ಅದರ ಮೈಸುತ್ತಿ ಹಿತ್ತಿಲ ಬೇವಿನ ಬುಡಕ್ಕೆ ಹೋಯಿತು. ನೋವಾಗಲಿಲ್ಲವೇ ಎಂದು ಕೇಳಬೇಡಿ. ಆಯಿತು. ಆದರೆ ಒಂದೇ ಮೈಯಾಗಿ ಉಳಿಯಬೇಕೆಂದು ಆಗ ಅನಿಸಲಿಲ್ಲ.

ಉಳಿದ ನನ್ನ ಅಂಚನ್ನು ದಾವಲಸಾಬರು ಮಡಚಿ ಹೊಲಿದುಕೊಟ್ಟರು. ಬಾಗಿಲ ಕಡೆಯ ಆ ನಾಲ್ಕು ಉಗುರಿನ ತೂತುಗಳಿಗೂ ತೇಪೆ ಹಾಕಲು ಹೋದಾಗ ಮಹಾನಂದಮ್ಮ ತಡೆದರು. “ಅವು ಇರಲ್ರಿ ಸಾಬ್ರ.”

ಕಳೆದ ತಿಂಗಳು ಇವರು ಹೊಸ ಕಾರು ಕೊಂಡರು. ಶೋರೂಮಿಗೆ ನಾನೂ ಹೋಗಿದ್ದೆ, ಗುರುಶಾಂತಪ್ಪನವರ ಕಂಕುಳಲ್ಲಿ ಮಡಚಿಕೊಂಡು. ಸೀಟುಗಳ ಮೇಲೆ ಪ್ಲಾಸ್ಟಿಕ್ಕು ಫಳಫಳ ಹೊಳೆಯುತ್ತಿತ್ತು. ಅವರು ಜೇಬಿನಿಂದ ಅದೇ ಚಾಕು ತೆಗೆದರು.

“ಸರ್, ಸರ್, ಇರಲಿ ಬಿಡ್ರಿ!” ಮಾರುವವರು ಓಡಿಬಂದರು. “ಅದಿದ್ರ ಸೀಟು ಹೊಸದಾಗೇ ಇರತಾವ.”

ಗುರುಶಾಂತಪ್ಪನವರು ಒಂದೊಂದೇ ಸೀಟಿನ ಪ್ಲಾಸ್ಟಿಕ್ಕು ಕೊಯ್ದು ಎಳೆದರು. ಮಹಾನಂದಮ್ಮ ಅದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಹಿಡಿದು ನಿಂತರು. ಆಮೇಲೆ ಹಿಂದಿನ ಸೀಟಿಗೆ ನನ್ನನ್ನು ಹಾಸಿದರು. ಅರ್ಧ ಸೀಟಿಗಷ್ಟೇ ಸಾಕಾದೆ. ಮುದಿ ಲಾಡು ಏದುಸಿರು ಬಿಡುತ್ತ ಹತ್ತಿ, ಮೂರು ಸುತ್ತು ತಿರುಗಿ, ನನ್ನ ಮೇಲೆ ಬಿದ್ದುಕೊಂಡಿತು.

ಬಾಳಿಕೆ ಬರುವ ಬಟ್ಟೆ ಬೇಕೆಂದು ಅವತ್ತು ಕೇಳಿದ್ದರು. ನಾನು ಬಂದಷ್ಟು ಬಂದಿದ್ದೇನೆ. ಮುಂದಿನ ಸೀಟಿನಿಂದ ಮಹಾನಂದಮ್ಮನ ಕೈ ಹಿಂದೆ ಬಂತು, ತಡಕಾಡಿ ಆ ನಾಲ್ಕು ತೂತುಗಳ ಮೇಲೆ ನಿಂತಿತು. ಗುರುಶಾಂತಪ್ಪನವರು ಗಾಡಿ ಬಿಟ್ಟರು, ಆಡು ಅಡ್ಡ ಬಂದರೂ ಬ್ರೇಕು ಜೋರಾಗಿ ಒತ್ತಬೇಕಾಗದಷ್ಟು ಮೆಲ್ಲಗೆ.